ನೀಲಕ್ಕ ಮಲಗಿಸಿದ ಎಣ್ಣೆಗಾಯಿ

ನೀಲಕ್ಕ ಅಡುಗೆಯನ್ನು ಮಲಗಿಸುತ್ತಿದ್ದಳು. ಫ್ರೀಜರಿನಲ್ಲಿ ಇಟ್ಟೆ ಎಂದು ಆಕೆ ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. “ಹೆಸರಕಾಳು ಮಲಗಿಸೇನಿ”, “ಬ್ಯಾಳಿ ಇನ್ನೂ ಎಚ್ಚರ ಐತಿ, ಆರಲಿ”, “ನಾಳಿ ಮುಂಜಾನೆ ಎಣ್ಣಿಗಾಯಿ ಎಬ್ಬಿಸಬೇಕು” ಎಂದೇ ಆಕೆಯ ಮಾತು. ಹೊಸಬರು ಕೇಳಿದರೆ ಮನೆತುಂಬ ಮೊಮ್ಮಕ್ಕಳಿದ್ದಾರೆ ಅಂದುಕೊಳ್ಳಬೇಕು. ಇದ್ದದ್ದು ಆಕೆ ಒಬ್ಬಳೇ, ಮತ್ತು ಪಡಸಾಲೆಯಲ್ಲಿ ಕೌದಿ ಹೊದ್ದು ನಿಂತಿದ್ದ ಒಂದು ಬಿಳಿ ಪೆಟ್ಟಿಗೆ.

ಆ ಪೆಟ್ಟಿಗೆ ಹಾನಗಲ್ಲಿನಿಂದ ಬಂದದ್ದು. ಅಲ್ಲಿ ಆಕೆ ಮತ್ತು ಆಕೆಯ ಗಂಡ ಇಪ್ಪತ್ತು ವರ್ಷ ಖಾನಾವಳಿ ನಡೆಸಿದ್ದರು. ಪಕ್ಕದ ಐಸ್‌ಕ್ರೀಮ್ ಅಂಗಡಿಯವನು ಅಂಗಡಿ ಮುಚ್ಚಿ ಹೋಗುವಾಗ ಅದನ್ನು ಇವರಿಗೆ ಬಿಟ್ಟು ಹೋದನಂತೆ. ಗಂಡ ತೀರಿಕೊಂಡ ಮೇಲೆ ಖಾನಾವಳಿಯ ಪಾತ್ರೆಗಳನ್ನೆಲ್ಲ ಅವರಿವರಿಗೆ ಕೊಟ್ಟು, ಇದೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಶಿಗ್ಗಾವಿಗೆ, ನಮ್ಮ ಪಕ್ಕದ ಮನೆಗೆ ಬಂದಳು. “ಇಪ್ಪತ್ತು ವರ್ಷ ದಿನಾ ಎರಡ ಹೊತ್ತು ಒಲಿ ಮುಂದ ನಿಂತೇನಿ. ಒಂದ ದಿನಾ ಸೂಟಿ ಇರಲಿಲ್ಲ. ಇನ್ನ ನಾ ವಾರಕ್ಕ ಒಂದ ಸಲ ನಿಂದ್ರಾಕಿ, ಉಳಿದ ದಿನ ಕುಂದ್ರಾಕಿ,” ಎಂದು ಮೊದಲ ಭೇಟಿಯಲ್ಲೇ ಹೇಳಿದ್ದಳು. ನಾನು “ಹೌದ್ರಿ ಅಕ್ಕಾರ” ಅಂದೆ. “ಅಕ್ಕ ಅಂದ ಮ್ಯಾಲ ರೀ ಯಾಕ? ನೀ ಅನ್ನು,” ಅಂದಳು. ಅಂದಿನಿಂದ ನೀ ಅಂದೆ.

ಆಗ ನಾನು ದುಂಡಸಿ ಕಡೆಯ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ನರ್ಸ್. ಮುಂಜಾನೆ ಎಂಟರ ಬಸ್ಸು ಹಿಡಿದರೆ ಮನೆ ಸೇರುವಷ್ಟರಲ್ಲಿ ಸಂಜೆ ಆರೂವರೆ. ನನ್ನ ಗಂಡನದು ಹಾವೇರಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಅವರೂ ಹೋಗುವವರೇ. ಮನೆಯಲ್ಲಿ ಇರುವವರು ಮಾವ ಒಬ್ಬರು. ನನ್ನ ನೌಕರಿಗೆ ಅವರು ಒಪ್ಪಿದ್ದು ಒಂದೇ ಕರಾರಿನ ಮೇಲೆ. “ಹೋಗವಾ, ಬ್ಯಾಡ ಅನ್ನೂದಿಲ್ಲ. ಆದ್ರ ಈ ಮನ್ಯಾಗ ತಂಗಳ ಉಂಡವರಿಲ್ಲ. ನನ್ನ ತಾಟಿಗೆ ತಂಗಳ ಬಂದ ದಿನಾ ನೌಕರಿ ಬಂದ್.” ಊಟಕ್ಕೆ ಕೂತಾಗಲೆಲ್ಲ ಬೆರಳ ಹಿಂಬದಿಯಿಂದ ತಾಟು ಮುಟ್ಟಿ “ಬಿಸಿ ಐತೇನು?” ಎಂದು ಕೇಳಿಯೇ ತುತ್ತು ಮುರಿಯುವ ಮನುಷ್ಯ. ನಾಲ್ಕು ತಿಂಗಳು ನಸುಕಿನಲ್ಲೆದ್ದು ಮಧ್ಯಾಹ್ನದ್ದು ಮಾಡಿಟ್ಟು, ಸಂಜೆ ಬಂದು ವ್ಯಾನಿಟಿ ಬ್ಯಾಗು ಕೆಳಗಿಡದೆ ಒಲೆ ಹೊತ್ತಿಸಿದೆ. ಐದನೇ ತಿಂಗಳು ಹಿತ್ತಲಲ್ಲಿ ಕಾಯಿಪಲ್ಯ ಹೆಚ್ಚುತ್ತ ಅತ್ತುಬಿಟ್ಟೆ. ಗೋಡೆಯ ಆಚೆಯಿಂದ ನೀಲಕ್ಕನ ದನಿ ಬಂತು. “ಉಳ್ಳಾಗಡ್ಡಿ ಇಲ್ಲದ ಅಳಾಕತ್ತಿಯಲ್ಲ. ಐತವಾರ ನಮ್ಮ ಮನಿಗೆ ಬಾ.”

ಆ ಭಾನುವಾರ ನಾನು ಕಲಿತದ್ದನ್ನು ನರ್ಸಿಂಗ್ ಕಲಿಯುವಾಗಲೂ ಅಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ. ಉಳ್ಳಾಗಡ್ಡಿ, ಒಣಕೊಬ್ಬರಿ, ಶೇಂಗಾ, ಎಳ್ಳು ಹುರಿದು ರುಬ್ಬಿ ಇಡೀ ವಾರದ ಮಸಾಲೆಯನ್ನು ಒಂದೇ ಸಲಕ್ಕೆ ಮಾಡುವುದು. ಬೇಳೆ, ಹೆಸರುಕಾಳು, ಅಲಸಂದಿ ಬೇಯಿಸಿ ದೊಡ್ಡ ಪರಾತಗಳಲ್ಲಿ ಹರವಿ ಆರಿಸುವುದು. ಬಿಸಿಯಿರುವಾಗ ಒಳಗಿಟ್ಟರೆ ಪಕ್ಕದ್ದನ್ನೂ ಎಬ್ಬಿಸಿ ಕೆಡಿಸುತ್ತದೆ ಎಂದು ಆಕೆ ಕೈ ಅದ್ದಿ ನೋಡಿಯೇ ಡಬ್ಬಿ ತುಂಬುತ್ತಿದ್ದಳು. ಸಾರಿನ ಡಬ್ಬಿಯನ್ನು ಕಂಠದ ತನಕ ತುಂಬಿದರೆ ಕೈಮೇಲೆ ಹೊಡೆಯುತ್ತಿದ್ದಳು. “ಮಲಗಿದ್ದು ಮೈ ಮುರೀತೈತಿ, ಜಾಗಾ ಬಿಡು.” ಎಣ್ಣೆಗಾಯಿಯ ಬದನೆಕಾಯಿಯನ್ನು ಅರೆಬೆಂದಾಗಲೇ ಇಳಿಸಬೇಕು, ಉಳಿದ ಅರ್ಧ ಎಬ್ಬಿಸುವಾಗ ಬೇಯುತ್ತದೆ. ಆಲೂಗಡ್ಡೆಗೆ ಮಾತ್ರ ಆ ಪೆಟ್ಟಿಗೆಯಲ್ಲಿ ಪ್ರವೇಶವಿರಲಿಲ್ಲ. “ಅದು ಮಲಗಿದ್ರ ಹಳೇ ಗಾದಿ ಆಗಿ ಏಳತೈತಿ,” ಅನ್ನುತ್ತಿದ್ದಳು. ಒಮ್ಮೆ ಎದ್ದದ್ದನ್ನು ಮತ್ತೆ ಮಲಗಿಸುವುದಂತೂ ಮಹಾಪಾಪ.

ನೀಲಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಡಬ್ಬಿಗಳ ಕೊರಳಿಗೆ ದಾರ ಕಟ್ಟುತ್ತಿದ್ದಳು. ಬೇಳೆಗೆ ಕೆಂಪು, ಕಾಳಿಗೆ ಹಸಿರು, ಹೂರಣಕ್ಕೆ ಹಳದಿ, ಎಣ್ಣೆಗಾಯಿಗೆ ಕಪ್ಪು. ಪ್ರತಿ ಭಾನುವಾರ ಮುಚ್ಚಳ ತೆಗೆದು, ಒಳಗೆ ಉಳಿದಿದ್ದ ಡಬ್ಬಿಗಳ ದಾರಕ್ಕೆಲ್ಲ ಒಂದೊಂದು ಗಂಟು ಹಾಕುವಳು. ನಾಲ್ಕು ಗಂಟು ಬಿದ್ದದ್ದನ್ನು ಆ ದಿನವೇ ಉಣ್ಣಬೇಕು. ಒಮ್ಮೆ ಗಾಳಿಮಳೆಗೆ ಕಂಬ ಬಿದ್ದು ಒಂದೂವರೆ ದಿನ ಕರೆಂಟು ಹೋಯಿತು. ನೀಲಕ್ಕ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಪೆಟ್ಟಿಗೆಗೆ ಹೊದಿಸಿ, ಅದಕ್ಕೇ ಬೆನ್ನುಕೊಟ್ಟು ಕೂತಳು. ನಾನು ಒಂದೇ ಒಂದು ಸಲ ತೆಗೆದು ನೋಡೋಣವೇ ಅಂದೆ. “ಮುಚ್ಚಳಕ್ಕ ಕೈ ಹಚ್ಚಿದ್ರ ಕೈ ಮುರೀತೇನಿ. ತುಂಬಿದ ಮನಿ ಐತಿ, ಒಂದಕ್ಕೊಂದು ತಂಪು ಹಿಡ್ಕೊಂಡು ಮಲಗ್ಯಾವ, ಬಿಡು,” ಅಂದಳು. ಕರೆಂಟು ಬಂದ ಮೇಲೆ ನೋಡಿದರೆ ಎಲ್ಲ ಕಲ್ಲಿನ ಹಾಗಿದ್ದವು. ಅವತ್ತು ಆಕೆ ಪೆಟ್ಟಿಗೆಯ ಮೈ ಸವರಿ ಚಹಾ ಕುಡಿದಳು.

ನಮ್ಮ ವ್ಯವಹಾರವೆಲ್ಲ ಹಿತ್ತಲ ಗೋಡೆಯ ಮೇಲೆ. ಮುಂಜಾನೆ ಬಸ್ಸಿಗೆ ಹೊರಡುವ ಮುಂಚೆ ಆಕೆ ಡಬ್ಬಿ ದಾಟಿಸುವಳು. ಅದು ಅಡುಗೆಮನೆಯ ಮೂಲೆಯಲ್ಲಿ, ನೀರಿನ ಪಾತೆಲಿಯಲ್ಲಿ ತಣ್ಣಗೆ ಏಳುತ್ತ ಕೂತಿರುವುದು. ಸಂಜೆ ನಾನು ಮಾಡುವುದು ಎರಡೇ ಕೆಲಸ, ಬಿಸಿ ರೊಟ್ಟಿ ಬಡಿಯುವುದು, ಹೊಸ ಒಗ್ಗರಣೆ ಕೊಡುವುದು. ಒಗ್ಗರಣೆಯ ಗುಟ್ಟನ್ನು ನೀಲಕ್ಕನೇ ಹೇಳಿಕೊಟ್ಟದ್ದು. “ಬೆಳ್ಳುಳ್ಳಿ ಜಜ್ಜಿ ಹಾಕು. ವಾಸನಿ ಮೊದಲ ಪಡಸಾಲಿಗೆ ಹೋಗಲಿ, ತಾಟು ಹಿಂದಿಂದ ಹೋಗಲಿ.” ಕಟ್ಟೆಯ ಮೇಲೆ ಕೂತ ಮಾವ ಬೆಳ್ಳುಳ್ಳಿಯ ವಾಸನೆಗೆ ಎದ್ದು ಕೈಕಾಲು ತೊಳೆಯುವರು. ತಾಟು ಮುಟ್ಟಿ “ಬಿಸಿ ಐತೇನು?” ಅನ್ನುವರು. ಬಿಸಿ ಇರುತ್ತಿತ್ತು. ಎಣ್ಣೆಗಾಯಿ ಇದ್ದ ದಿನ ಒಂದು ರೊಟ್ಟಿ ಹೆಚ್ಚು.

ಒಂದೆರಡು ವಿಚಿತ್ರಗಳನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಖಾಲಿ ಡಬ್ಬಿಗಳನ್ನು ತೊಳೆದು ಬಚ್ಚಲ ಕಿಟಕಿಯಲ್ಲಿ ಬಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ಬರುವುದರೊಳಗೆ ಅವು ಇರುತ್ತಿರಲಿಲ್ಲ, ನೀಲಕ್ಕ ಕೈ ಚಾಚಿ ಒಯ್ದಿರಬೇಕು ಅಂದುಕೊಂಡಿದ್ದೆ. ಎಷ್ಟೋ ಸಲ ನಾನು ಹಸಿರು ದಾರದ್ದು ಕೇಳಿದರೆ ಆಕೆ ಕಪ್ಪು ದಾರದ್ದನ್ನೇ ಕೊಡುತ್ತಿದ್ದಳು. “ಕಾಳು ನಾಳಿಗೆ ಇರಲಿ. ಇವತ್ತ ಎಣ್ಣಿಗಾಯಿನ ಒಯ್ಯಿ.” ಯಾಕೆ ಎಂದರೆ ನಕ್ಕು ಒಳಗೆ ಹೋಗುವಳು.

ಎರಡು ವರ್ಷ ಹೀಗೆ ನಡೆಯಿತು. ನನ್ನ ಜೀವನದಲ್ಲಿ ನಾನು ನಿಶ್ಚಿಂತೆಯಿಂದ ಬಸ್ಸಿನ ಕಿಟಕಿಯ ಪಕ್ಕ ಕೂತ ಎರಡು ವರ್ಷ ಅವು.

ಮೂರನೇ ಶ್ರಾವಣದಲ್ಲಿ ಕೆಟ್ಟಿತು. ಶ್ರಾವಣದ ಮೊದಲ ಸೋಮವಾರ ನಮ್ಮ ಮನೆತನದ ಗುರುಗಳಾದ ಅಯ್ಯನವರು ಬಂದು, ಲಿಂಗಪೂಜೆ ಮುಗಿಸಿ, ಹೋಳಿಗೆ ಊಟ ಮಾಡಿ ಹೋಗುವ ಪದ್ಧತಿ. ಹತ್ತಿಮತ್ತೂರಿನಿಂದ ಮಾವನ ತಮ್ಮ, ಓಣಿಯ ಹಿರಿಯರು, ಎಲ್ಲ ಸೇರಿ ಹತ್ತು ಹನ್ನೆರಡು ಜನ. ಆ ವರ್ಷ ಭಾನುವಾರವಿಡೀ ನನಗೆ ಹಳ್ಳಿಗಳಲ್ಲಿ ಲಸಿಕೆಯ ಕೆಲಸ ಬಿತ್ತು. ಸೋಮವಾರ ಮುಂಜಾನೆ ಅರ್ಧ ದಿನದ ರಜೆಯಷ್ಟೇ ಸಿಕ್ಕಿತು. ನಾನು ಹೆದರಲಿಲ್ಲ. ಎರಡು ವಾರ ಮೊದಲೇ ಹೂರಣ ಮಾಡಿ ಮಲಗಿಸಿದ್ದೆ. ಭಾನುವಾರ ಸಂಜೆ ಹಳದಿ ದಾರದ ಡಬ್ಬಿ ಕೇಳಿದಾಗ ನೀಲಕ್ಕ ಯಾರಿಗೆ ಎಂದು ಕೇಳಿದಳು. ಅಯ್ಯನವರಿಗೆ ಎಂದೆ. ಆಕೆ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

“ಅಯ್ನಾರಿಗೆ ಮಲಗಿಸಿದ್ದು ಬ್ಯಾಡ ತಂಗಿ. ಹೊಸಾದ ಮಾಡು. ನಾ ಬರ್ತೇನಿ ಮಾಡಾಕ.”

“ಎರಡ ವರ್ಷ ಮಾವ ಇದನ್ನ ಉಂಡಾರಲ್ಲ ಅಕ್ಕಾ, ಏನಾತು?”

“ನಿಮ್ಮ ಮಾವ ಬ್ಯಾರೆ. ಮನಷ್ಯಾರು ಉಣ್ಣೂದು ಬ್ಯಾರೆ, ಲಿಂಗಕ್ಕ ತೋರಿಸಿ ಉಣ್ಣೂದು ಬ್ಯಾರೆ.”

ನನಗೆ ನಗು ಬಂತು. ಈ ಪೆಟ್ಟಿಗೆಯ ಒಡತಿಗೆ ಇಂಥ ಮಡಿ ಎಲ್ಲಿಂದ ಬಂತು ಅನ್ನಿಸಿತು. ದಣಿದಿದ್ದೆ ಬೇರೆ. ಡಬ್ಬಿಯನ್ನು ಆಕೆಯ ಕೈಯಿಂದ ಕಿತ್ತುಕೊಂಡಂತೆಯೇ ಇಸಿದುಕೊಂಡು ಬಂದೆ. ತಪ್ಪು ನನ್ನದೂ ಇತ್ತು ಎಂದು ಈಗ ಒಪ್ಪುತ್ತೇನೆ. ಆದರೆ ಅದಕ್ಕೆ ಆಕೆ ಮಾಡಿದ್ದು ಹೆಚ್ಚಾಯಿತು.

ಮರುದಿನ ಹನ್ನೆರಡೂವರೆ. ಪಂಕ್ತಿ ಕೂತಿತ್ತು. ಅಯ್ಯನವರ ತಾಟಿಗೆ ನಾನು ಹೋಳಿಗೆ ಬಡಿಸಿ, ತುಪ್ಪದ ಗಿಂಡಿ ಎತ್ತಿಕೊಂಡಿದ್ದೆ. ಯಾವಾಗಲೂ ಹಿತ್ತಲಿನಿಂದ ಬರುವ ನೀಲಕ್ಕ ಅವತ್ತು ಮುಂಬಾಗಿಲಿನಿಂದ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಮುಚ್ಚಿದ ದೊಡ್ಡ ಬೋಗುಣಿ.

“ಏನ ನೀಲವ್ವಾ, ಏನು ತಂದಿ?” ಎಂದರು ಮಾವ.

“ಅಯ್ನಾರ ತಾಟಿಗೆ ಈ ಹೋಳಿಗಿ ಬಡಸ್ರಿ. ಈಗ ಮಾಡಿ ತಂದೇನಿ. ಆಕಿ ಬಡಿಸಿದ್ದು ತಂಗಳ ಐತ್ರಿ. ಆ ಹೂರಣ ನನ್ನ ಪೆಟಗ್ಯಾಗ ಎರಡ ವಾರ ಇದ್ದದ್ದು.”

ನೀಲಕ್ಕ ಮಾವನ ಮುಖವನ್ನೇ ನೋಡುತ್ತ ನಿಂತಿದ್ದಳು. ನನ್ನ ಕಡೆ ತಿರುಗಲೇ ಇಲ್ಲ. ಅದು ನನಗೆ ಮಾತಿಗಿಂತ ಹೆಚ್ಚು ಚುಚ್ಚಿತು.

“ಎರಡ ವಾರದ್ದು?” ಎಂದರು ಮಾವ. ಅವರ ತಮ್ಮ ಕೇಳಿದರು, “ಅಂದ್ರ ಅಣ್ಣಾ, ಈ ಮನ್ಯಾಗ ದಿನಾ ಇದ ನಡದೈತೇನು?” ಮಾವ ತಾಟು ಸರಿಸಿದರು. “ಇಷ್ಟ ದಿನಾ ನನ್ನ ಮನ್ಯಾಗ ನಾ ತಂಗಳ ಉಂಡ್ನೇನು?” ಎಂದು ಗೋಡೆಗೆ ಕೇಳಿದಂತೆ ಕೇಳಿದರು.

ಅಯ್ಯನವರೊಬ್ಬರೇ ನಕ್ಕರು. “ಇರಲಿ ಬಿಡ್ರಿ. ಶ್ರಾವಣದಾಗ ನಾವು ಎಷ್ಟ ಮನ್ಯಾಗ ಉಣ್ತೇವಿ, ಯಾವುದು ಎಂದಿಂದು ಅಂತ ಯಾರು ನೋಡ್ಯಾರ?” ಆದರೂ ನೀಲಕ್ಕನ ಹೋಳಿಗೆಯನ್ನೇ ಉಂಡರು. ಅದನ್ನು ಬಡಿಸಿದ್ದು ನಾನು, ನನ್ನ ಕೈಯಿಂದ, ಹನ್ನೆರಡು ಜನರಿಗೆ. ಬಿಸಿಗೆ ಬೆರಳು ಸುಡುತ್ತಿದ್ದವು. ಮಾವ ಎರಡು ತಿಂದರು.

ಯಾರೂ ನನ್ನನ್ನು ಬೈಯಲಿಲ್ಲ. ಆ ಸಂಜೆ ಮಾವ, “ಕರಾರು ನೆನಪೈತಲ್ಲವಾ,” ಅಂದರು. ಗಂಡ ತಲೆ ತಗ್ಗಿಸಿ, “ಬಿಟ್ಟಬಿಡು, ಮಂದಿ ಬಾಯಿಗೆ ಯಾಕ,” ಅಂದರು. ತಿಂಗಳ ಕೊನೆಗೆ ನೌಕರಿ ಬಿಟ್ಟೆ. ನನ್ನ ಜಾಗಕ್ಕೆ ಸವಣೂರಿನ ಹುಡುಗಿಯೊಬ್ಬಳು ಬಂದಳು. ಹಿತ್ತಲ ಗೋಡೆಯ ಆ ಜಾಗದಲ್ಲಿ ನೀರಿನ ಡ್ರಮ್ಮು ತಂದು ನಿಲ್ಲಿಸಿದೆ. ಗೋಡೆಯ ಆಚೆಯಿಂದ “ಸುವರ್ಣಾ” ಎಂದು ಒಂದೆರಡು ವಾರ ಕೂಗು ಬಂತು, ನಾನು ಓಗೊಡಲಿಲ್ಲ. ನನಗೆ ಅಡುಗೆ ಕಲಿಸಿದ ಕೈ, ಅತ್ತಾಗ ಕರೆದ ಬಾಯಿ, ಅದೇ ಬಾಯಿ ಪಂಕ್ತಿಯ ಮುಂದೆ ನನ್ನ ಮಾನ ಕಳೆಯಿತು. ಮುಂದಿನ ವರ್ಷ ಆಕೆ ಹಿರೇಕೆರೂರಿಗೆ, ಮಗಳ ಮನೆಗೆ ಹೋಗುವಾಗ ನಮ್ಮ ಮುಂಬಾಗಿಲಿಗೆ ಬಂದು ನಿಂತಳು. “ಹೋಗಿ ಬರ್ರಿ,” ಅಂದೆ. ಆ ರೀ ಆಕೆಗೆ ನಾಟಿತು. ತಿರುಗಿ ಹೋಗಿ ಟೆಂಪೋ ಹತ್ತಿದಳು.

ಎರಡು ವರ್ಷವಾದ ಮೇಲೆ ಆಕೆಯ ಮಗಳು ಫೋನ್ ಮಾಡಿದಳು. “ಅವ್ವಗ ಆರಾಮಿಲ್ರಿ. ನಿಮ್ಮ ಹೆಸರ ತಗೀತಾಳ. ಒಮ್ಮೆ ಬಂದ ಹೋಗ್ರಿ.” ನೋಡುತ್ತೇನೆ ಎಂದು ಫೋನ್ ಇಟ್ಟೆ. ಒಂದು ವಾರ ಸಿಟ್ಟು ಹೋಗಗೊಡಲಿಲ್ಲ, ಎರಡನೆಯ ವಾರ ನಾಚಿಕೆ. ಮೂರನೆಯ ವಾರ ಬಸ್ಸು ಹತ್ತಿದೆ.

ನೀಲಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು. ಅರ್ಧ ಆಗಿದ್ದಳು. ಪೆಟ್ಟಿಗೆ ಎಲ್ಲೂ ಕಾಣಲಿಲ್ಲ. ಜಾಗವಿಲ್ಲವೆಂದು ಅಳಿಯ ಅದನ್ನು ಯಾರಿಗೋ ಕೊಟ್ಟುಬಿಟ್ಟನಂತೆ. ಮಗಳು ಚಹಾಕ್ಕೆ ಒಳಗೆ ಹೋದಳು. “ಹೆಂಗದೀರಿ?” ಎಂದೆ.

“ರೀ ಬಿಟ್ಟು ಕೇಳು, ಹೇಳ್ತೇನಿ.”

ನನಗೆ ತಡೆಯಲಾಗಲಿಲ್ಲ. “ಯಾಕ ಹಂಗ ಮಾಡಿದಿ ಅಕ್ಕಾ? ಎಲ್ಲಾರ ಮುಂದ? ನನ್ನ ನೌಕರಿ ಹೋತು. ನಿನಗ ಕರಾರು ಗೊತ್ತಿತ್ತು.”

“ಗೊತ್ತಿತ್ತು. ಆದ್ರ ನಿಮ್ಮ ಮಾವಗೂ ಗೊತ್ತಿತ್ತಲ್ಲವಾ.”

ಏನು ಗೊತ್ತಿತ್ತು ಎಂದು ಕೇಳಿದೆ.

“ಎಲ್ಲಾ. ಮೊದಲನೇ ತಿಂಗಳಿಂದ. ಖಾಲಿ ಡಬ್ಬಿ ದಿನಾ ಹತ್ತಕ್ಕ ಯಾರು ತಂದ ಕೊಡ್ತಿದ್ರು ಅಂತ ಮಾಡಿದ್ದಿ? ಆತನ. ಇವತ್ತ ಯಾವುದು ಎಬ್ಬಸ್ತಿ, ನಾಳಿ ಎಣ್ಣಿಗಾಯಿ ಆಗ್ಲಿ ಅಂತ ಹೇಳಿ ಹೋಗಾಂವ.”

ಬಚ್ಚಲ ಕಿಟಕಿ ಕಣ್ಣ ಮುಂದೆ ಬಂತು. ಕೇಳದೆಯೇ ಕೈಗೆ ಬರುತ್ತಿದ್ದ ಕಪ್ಪು ದಾರದ ಡಬ್ಬಿಗಳು ಬಂದವು.

“ನನಗ ಯಾಕ ಹೇಳಲಿಲ್ಲ?”

“ಹೇಳಬ್ಯಾಡ ಅಂದಿದ್ದ. ಸೊಸಿಗೆ ಹೆದರಿಕಿ ಇರಲಿ, ಹೆದರಿಕಿ ಇದ್ರ ರೊಟ್ಟಿ ಬಿಸಿ ಬರ್ತಾವ ಅಂದ. ನಿನ್ನ ಗುಟ್ಟು ಮಂದಿಗೆ ಹೇಳಲಿಲ್ಲ, ಆತನ ಗುಟ್ಟು ನಿನಗ ಹೇಳಲಿಲ್ಲ. ಎರಡೂ ಮಲಗಿಸಿ ಇಟ್ಟೆ. ಅದ ನನ್ನ ತಪ್ಪು.” ಆಕೆ ಉಸಿರು ಎಳೆದುಕೊಂಡಳು. “ಅಯ್ನಾರ ಮುಂದ ಸುಳ್ಳ ಹೇಳಾಕ ನನ್ನ ಕೈಲಿ ಆಗಲಿಲ್ಲ ಸುವರ್ಣಾ. ನಿಮ್ಮ ಮಾವ ಅದಾನಲ್ಲ, ಗೊತ್ತಿದ್ದ ಮಾತ ಐತಿ ಬಿಡ್ರಿ ಅಂತಾನ, ನಕ್ಕು ಮುಗೀತೈತಿ ಅಂತ ತಿಳದ ಬಾಯಿ ಬಿಟ್ಟೆ. ಆತನ ಮುಖಾನ ನೋಡಾಕತ್ತಿದ್ದೆ. ಆತ ನನ್ನನ್ನ ಗುರ್ತ ಇಲ್ಲದಾಕಿನ್ನ ನೋಡಿದಂಗ ನೋಡಿದ.”

ಆಕೆಯ ಮೇಲಿನ ಸಿಟ್ಟು ಅಲ್ಲಿಗೆ ಹೋಯಿತು ಎಂದರೆ ಸುಳ್ಳಾದೀತು. ಎರಡು ವರ್ಷ ದಿನಾ ಗೋಡೆಯ ಮೇಲೆ ನನ್ನ ಮುಖ ನೋಡಿ ನಗುತ್ತಿದ್ದವಳು ಒಂದು ಮಾತು ಹೇಳಿದ್ದರೆ ನಾನು ಅಷ್ಟು ಹೆದರಿ ಬದುಕಬೇಕಿರಲಿಲ್ಲ. ಇಬ್ಬರೂ ಕೂಡಿ ನನ್ನನ್ನು ಆಡಿಸಿದ್ದರು. ಆದರೆ ಒಬ್ಬಳು ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದಳು. ಇನ್ನೊಬ್ಬರು ಮೂರು ವರ್ಷದಿಂದ ದಿನಕ್ಕೆ ಎರಡು ಹೊತ್ತು ನನ್ನ ಕೈಯಡುಗೆ ಉಂಡು ಸುಮ್ಮನಿದ್ದರು.

ಹೊರಡುವಾಗ ನೀಲಕ್ಕ ಮಗಳು ಹೊರಗೆ ಹೋದದ್ದನ್ನು ನೋಡಿ, “ಫ್ರಿಜ್ಜಿನ ಮ್ಯಾಲಿನ ಖಾನೇದಾಗ, ಐಸಿನ ಟ್ರೇ ಬುಡಕ ನೋಡು,” ಎಂದು ಪಿಸುಗುಟ್ಟಿದಳು. “ಇಲ್ಲಿ ತಂಗಳ ಮಾಡಬ್ಯಾಡ ಅಂತಾರ. ಕದ್ದು ಮಲಗಿಸೇನಿ.” ಚಿಕ್ಕ ಸ್ಟೀಲಿನ ಡಬ್ಬಿ, ಕಪ್ಪು ದಾರ. “ಬಸ್ಸಿನ್ಯಾಗ ತಾನ ಏಳತೈತಿ. ಗಾಬರಿ ಮಾಡಬ್ಯಾಡ.”

ಆಕೆಯನ್ನು ನಾನು ನೋಡಿದ್ದು ಅದೇ ಕೊನೆ. ಎರಡು ತಿಂಗಳಿಗೆ ತೀರಿಹೋದ ಸುದ್ದಿ ಬಂತು. ಅವತ್ತು ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ದಾರ ನೋಡಿದೆ. ಮೂರು ಗಂಟು ಇದ್ದವು, ಫೋನ್ ಬಂದ ಮೇಲಿನ ಮೂರು ಭಾನುವಾರ.

ಶಿಗ್ಗಾವಿಗೆ ಇಳಿದಾಗ ಸಂಜೆಯಾಗಿತ್ತು. ಮಾವ ಕಟ್ಟೆಯ ಮೇಲಿದ್ದರು, ಜೊತೆಗೆ ಆ ಶ್ರಾವಣದ ಪಂಕ್ತಿಯಲ್ಲಿ ಕೂತಿದ್ದ ಓಣಿಯ ಇಬ್ಬರು ಹಿರಿಯರು. ನಾನು ರೊಟ್ಟಿ ಬಡಿದೆ. ಅರೆಬೆಂದಿದ್ದ ಎಣ್ಣೆಗಾಯಿಯನ್ನು ಪೂರ್ತಿ ಬೇಯಿಸಿ ಇಳಿಸಿ, ಪೂರಾ ಆರಗೊಟ್ಟೆ. ಬೆಳ್ಳುಳ್ಳಿ ಜಜ್ಜಲಿಲ್ಲ, ಒಗ್ಗರಣೆ ಕೊಡಲಿಲ್ಲ. ತಾಟನ್ನು ಕಟ್ಟೆಗೇ ತಂದು ಮಾವನ ಮುಂದೆ ಇಟ್ಟೆ. ಪಕ್ಕದಲ್ಲಿ ದಾರದ ಸಮೇತ ಡಬ್ಬಿ ಇಟ್ಟೆ.

ಅವರು ಬೆರಳ ಹಿಂಬದಿಯಿಂದ ಎಣ್ಣೆಗಾಯಿ ಮುಟ್ಟಿದರು. “ಬಿಸಿ ಐತೇನು?”

“ಇಲ್ರಿ. ತಂಗಳ. ನೀಲಕ್ಕ ಕೊಟ್ಟು ಕಳಿಸ್ಯಾಳ. ದಿನಾ ಹತ್ತಕ್ಕ ಡಬ್ಬಿ ಒಯ್ದು ಕೊಟ್ಟು, ನೀವ ಹೇಳಿ ಬರ್ತಿದ್ರಲ್ಲ, ಅದ ಎಣ್ಣಿಗಾಯಿ.”

ಹಿರಿಯರಿಬ್ಬರೂ ಮಾವನನ್ನು ನೋಡಿದರು. ಮಾವ ಡಬ್ಬಿಯನ್ನು ನೋಡಿದರು. ಏಳುತ್ತಾರೆ, ತಾಟು ಸರಿಸುತ್ತಾರೆ, ಇಲ್ಲವೇ ಒಂದು ಮಾತಾದರೂ ಆಡುತ್ತಾರೆ ಎಂದು ನಾನು ಬಾಗಿಲಿಗೆ ಆನಿಕೊಂಡು ನಿಂತೆ. ಅವರು ರೊಟ್ಟಿ ಮುರಿದರು. ತಲೆ ಎತ್ತದೆ ಎರಡು ರೊಟ್ಟಿ ಉಂಡರು. ಮೂರನೆಯದಕ್ಕೆ ತಾಟನ್ನು ನನ್ನ ಕಡೆ ಚಾಚಿ, “ಇನ್ನೊಂದೀಟು ಹಾಕವಾ,” ಅಂದರು.

“ಅಷ್ಟ ಇತ್ರಿ,” ಅಂದೆ.